ಕಾಫಿ ಪುಡಿ ಪ್ಯಾಕೆಟ್ಟಿನ ಕಂದು ಗೆರೆಗಳು

ಮಡಿಕೇರಿಯ ಒಂದು ಮಸಾಲೆ ಅಂಗಡಿಯಲ್ಲಿ ನಾನು ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಕಾಫಿ ಪುಡಿ, ಕರಿಮೆಣಸು, ಏಲಕ್ಕಿ, ಜೇನು, ಕಾಚಂಪುಳಿ ಅನ್ನುವ ಕೊಡಗಿನ ಕಪ್ಪು ಹುಳಿ ರಸ ಎಲ್ಲ ಇದೆ. ರಜೆ ಬಂದರೆ ಪ್ರವಾಸಿಗರ ಸಾಲು ಬಾಗಿಲಾಚೆಗೂ ನಿಲ್ಲುತ್ತದೆ.

ಅಂಥದ್ದೇ ಒಂದು ದಿನ ಕಾಫಿ ಪುಡಿಯ ಹೊಸ ಪ್ಯಾಕೆಟ್ ಬಂತು. ಬಾರ್‌ಕೋಡಿನ ಗೆರೆಗಳನ್ನೂ ಕೆಂಪು ಬೆರೆತ ಕಂದು ಬಣ್ಣದಲ್ಲೇ ಅಚ್ಚು ಹಾಕಿಸಿದ್ದರು. ನೋಡಲು ಬಹಳ ಚೆಂದ. ಆದರೆ ಸ್ಕ್ಯಾನರ್ ಬೀಪ್ ಅನ್ನಲೇ ಇಲ್ಲ. ಗಾಜು ಒರೆಸಿದೆ, ವೈರ್ ಕಿತ್ತು ಮತ್ತೆ ಹಾಕಿದೆ. ಮೆಣಸಿನ ಪ್ಯಾಕೆಟ್ ಹಿಡಿದರೆ ತಟ್ಟನೆ ಓದಿತು! ಆ ದಿನವೆಲ್ಲ 890ರಿಂದ ಶುರುವಾಗುವ 13 ಅಂಕಿಗಳನ್ನು ಕೈಯಲ್ಲೇ ಒತ್ತಿದೆ. ಕೊನೆಯ ಅಂಕಿ ಮೊದಲ 12 ಅಂಕಿಗಳ ಲೆಕ್ಕದಿಂದ ಬರುವಂಥದ್ದು. ಒಂದೇ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ. ಅದೊಂದೇ ಸಮಾಧಾನ.

ರಿಪೇರಿಗೆ ಬಂದ ಹುಡುಗ ಪ್ಯಾಕೆಟ್ ನೋಡಿದವನೇ, "ಅಕ್ಕಾ, ಮೆಷಿನ್ ಸರಿಯಾಗೇ ಇದೆ. ಅದರ ಕಣ್ಣಿಗೆ ಈ ಗೆರೆ ಕಾಣ್ತಾ ಇಲ್ಲ" ಅಂದ.

ನಮ್ಮದು ಲೇಸರ್ ಸ್ಕ್ಯಾನರ್. ಒಳಗಿರುವುದು ಕೆಂಪು ಬೆಳಕಿನ ಒಂದು ಚುಕ್ಕೆ ಮಾತ್ರ. ಪುಟ್ಟ ಕನ್ನಡಿ ಜೋರಾಗಿ ಅಲುಗಾಡುವುದರಿಂದ ಅದು ನಮಗೆ ಗೆರೆಯಂತೆ ಕಾಣುತ್ತದೆ. ಬಿಳಿ ಜಾಗ ಬೆಳಕನ್ನು ವಾಪಸ್ ಕಳಿಸುತ್ತದೆ, ಕಪ್ಪು ಗೆರೆ ನುಂಗಿಬಿಡುತ್ತದೆ. ಈ ಏರಿಳಿತವನ್ನೇ ಮೆಷಿನ್ ಅಂಕಿಯಾಗಿ ಓದುವುದು. ಕೆಂಪು, ಕಿತ್ತಳೆ, ಕೆಂಗಂದು ಗೆರೆಗಳು ಕೆಂಪು ಬೆಳಕನ್ನು ನುಂಗುವುದಿಲ್ಲ. ಹಾಗಾಗಿ ಅದಕ್ಕೆ ಗೆರೆಯೂ ಬಿಳಿ, ಜಾಗವೂ ಬಿಳಿ.

ಸಿಸಿಡಿ ಅನ್ನುವ ಇನ್ನೊಂದು ಬಗೆಯ ಸ್ಕ್ಯಾನರ್ ತಂದರೆ ಸರಿಹೋಗುತ್ತಾ ಅಂತ ಹುಡುಗನನ್ನು ಕೇಳಿದೆ. ಅದರಲ್ಲಿ ಅಲುಗಾಡುವ ಕನ್ನಡಿ ಇಲ್ಲ, ಸಾಲಾಗಿ ಎಲ್‌ಇಡಿ, ಸಾಲಾಗಿ ಸೆನ್ಸರ್. ಕೆಳಗೆ ಬಿದ್ದರೂ ಬೇಗ ಕೆಡುವುದಿಲ್ಲ, ಆದರೆ ಪ್ಯಾಕೆಟ್ಟಿಗೆ ಹತ್ತಿರ ಹಿಡಿಯಬೇಕು. ಅದರ ಬೆಳಕೂ ಸಾಮಾನ್ಯವಾಗಿ ಕೆಂಪೇ, ಹಾಗಾಗಿ ಗೆರೆಯ ತೊಂದರೆ ಹಾಗೇ ಉಳಿಯುತ್ತದೆ. ಇಮೇಜರ್ ಅನ್ನುವ ಸ್ಕ್ಯಾನರ್ ಬೇರೆ ಥರ. ಅದು ಇಡೀ ಕೋಡಿನ ಫೋಟೋ ತೆಗೆದು ಓದುತ್ತದೆ. ಕ್ಯೂಆರ್ ಕೋಡ್ ಓದಬೇಕೆಂದರೆ ಅದೇ ಬೇಕು, ಮೊಬೈಲ್ ಪರದೆ ಮೇಲಿನ ಕೋಡನ್ನೂ ಅದು ಓದುತ್ತದೆ. ದುಡ್ಡು ಮಾತ್ರ ಜಾಸ್ತಿ.

ಆ ಹುಡುಗನಿಗೆ ನಮ್ಮ ಸಣ್ಣ ಜೇನು ಬಾಟಲಿಯನ್ನೂ ತೋರಿಸಿದೆ. ಅದು ಹತ್ತು ಸಲ ಹಿಡಿದರೆ ಒಂದು ಸಲ ಓದುತ್ತಿತ್ತು. ಗೆರೆಗಳು ಬೇಲಿಯಂತೆ ನಿಂತಿದ್ದವು, ಹಾಗಾಗಿ ಕೋಡಿನ ಎರಡೂ ತುದಿ ಬಾಟಲಿಯ ಹಿಂದಕ್ಕೆ ಬಾಗಿಹೋಗಿದ್ದವು. ಸ್ಟಿಕ್ಕರನ್ನು ಅಡ್ಡ ತಿರುಗಿಸಿ, ಗೆರೆಗಳು ಏಣಿಯ ಮೆಟ್ಟಿಲಂತೆ ಬರುವ ಹಾಗೆ ಅಂಟಿಸಿದ. ಮೊದಲ ಸಲಕ್ಕೇ ಬೀಪ್! ಎಷ್ಟು ಖುಷಿಯಾಯಿತು ಅಂತೀರಿ.

ಕಂದು ಪ್ಯಾಕೆಟ್‌ಗಳನ್ನು ಎಸೆಯಲಿಲ್ಲ. ಬಿಳಿ ಸ್ಟಿಕ್ಕರಿನ ಮೇಲೆ ಕಪ್ಪು ಗೆರೆ ಹೊಡೆಸಿ, ಎರಡೂ ಪಕ್ಕ ಖಾಲಿ ಬಿಳಿ ಜಾಗ ಬಿಟ್ಟು, ಒಂದೊಂದಕ್ಕೂ ಅಂಟಿಸಿದೆವು. ಈಗ ಯಾವ ಹೊಸ ಲೇಬಲ್ ಆದರೂ ಅಚ್ಚಿಗೆ ಹೋಗುವ ಮುಂಚೆ ಒಂದು ಮಾದರಿ ನನ್ನ ಕೌಂಟರಿಗೆ ಬರುತ್ತದೆ.