ಸಕ್ಕರೆಯೊಳಗಿನ ಕರ

ನಾನು ಕೆಲಸ ಮಾಡುವುದು ಮೈಸೂರಿನಲ್ಲಿ, ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ. ತಿಂಗಳ 7ಕ್ಕೆ ಟಿಡಿಎಸ್, ಅಂದರೆ ಮೂಲದಲ್ಲೇ ಹಿಡಿದ ತೆರಿಗೆ, ಕಟ್ಟಬೇಕು, 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 15ಕ್ಕೆ ಭವಿಷ್ಯನಿಧಿ, 20ಕ್ಕೆ ಜಿಎಸ್‌ಟಿ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ, ಅದೇ 20ಕ್ಕೆ ವೃತ್ತಿ ಕರ. ಒಂದು ದಿನ ತಪ್ಪಿದರೂ ಬಡ್ಡಿಯೋ ದಂಡವೋ ಬೀಳುತ್ತದೆ, ಅದಕ್ಕಿಂತ ಮೊದಲು ಗ್ರಾಹಕರ ಫೋನು ಬರುತ್ತದೆ. ಇವೆಲ್ಲ ನನ್ನ ಮೊಬೈಲಿನ ಗೂಗಲ್ ಕ್ಯಾಲೆಂಡರ್‌ನಲ್ಲಿವೆ. ಮಗಳ ಎಸ್‌ಎಸ್‌ಎಲ್‌ಸಿ ತಯಾರಿ, ಅಮ್ಮನ ಔಷಧ, ಗ್ಯಾಸ್ ಸಿಲಿಂಡರ್, ನೆಂಟರ ಮದುವೆ ಎಲ್ಲವೂ ಅದರಲ್ಲೇ. ಕಚೇರಿಯದು ಬೇರೆ, ಮನೆಯದು ಬೇರೆ ಎಂದು ಇಟ್ಟುಕೊಳ್ಳುವ ಶಿಸ್ತು ನನಗೆ ಮೊದಲಿನಿಂದಲೂ ಇಲ್ಲ.

ಎಲ್ಲವೂ ಒಂದೇ ನೀಲಿಯಲ್ಲಿದ್ದರೆ 3ಬಿ ಯಾವುದು, ಸಿಲಿಂಡರ್ ಯಾವುದು ತಿಳಿಯುವುದಿಲ್ಲ. ಒಂದೊಂದಕ್ಕೂ ಕೈಯಾರೆ ಬಣ್ಣ ಕೊಡಬಹುದು. ಒಂದು ವಾರ ಕೊಟ್ಟೆ, ಎರಡನೆಯ ವಾರ ಮರೆತೆ. ಆಗ ಕಚೇರಿಯ ಹೊಸ ಹುಡುಗನೊಬ್ಬ ಆಪ್ಸ್ ಸ್ಕ್ರಿಪ್ಟ್ ತೋರಿಸಿಕೊಟ್ಟ, ಕ್ಯಾಲೆಂಡರ್‌ಗೆ ಕೆಲಸ ಹೇಳುವ ಪುಟ್ಟ ಪ್ರೋಗ್ರಾಂ ಬರೆಯಲು ಗೂಗಲ್ ಕೊಡುವ ಸಾಧನ. ಶೀರ್ಷಿಕೆಯಲ್ಲಿ ಇಂಥ ಪದ ಕಂಡರೆ ಇಂಥ ಬಣ್ಣ ಹಚ್ಚು ಎಂದು ಇಪ್ಪತ್ತು ಸಾಲು ಬರೆದಿಟ್ಟರೆ ಸಾಕು, ಗಂಟೆಗೊಮ್ಮೆ ಅದು ತಾನೇ ಎದ್ದು ಮುಂದಿನ ಎರಡು ತಿಂಗಳ ನಮೂದುಗಳನ್ನೆಲ್ಲ ನೋಡಿ ಬಣ್ಣ ಬಳಿದು ಮಲಗುತ್ತದೆ. ಮೊದಲ ಸಲ ಓಡಿಸುವಾಗ 'ಈ ಆಪ್ ಅನ್ನು ಗೂಗಲ್ ಪರಿಶೀಲಿಸಿಲ್ಲ' ಎಂಬ ಎಚ್ಚರಿಕೆ ಬಂತು. ನಾನೇ ಬರೆದದ್ದನ್ನು ನಾನೇ ನಂಬಬೇಕೇ ಬೇಡವೇ ಎಂದು ಕೇಳುತ್ತಿತ್ತು. ನಂಬಿದೆ.

ಬಣ್ಣಗಳನ್ನು ಸಂಖ್ಯೆಯಲ್ಲಿ ಹೇಳಬೇಕು, 1ರಿಂದ 11ರವರೆಗೆ. 11 ಎಂದರೆ ಕೆಂಪು, ಕ್ಯಾಲೆಂಡರ್‌ನಲ್ಲಿ ಅದರ ಹೆಸರು ಟೊಮೆಟೊ. 5 ಹಳದಿ, ಹೆಸರು ಬನಾನ. ದ್ರಾಕ್ಷಿಯೂ ಇದೆ. ಸಂತೆಯಿಂದ ಬಂದವರು ಯಾರೋ ಹೆಸರಿಟ್ಟಿರಬೇಕು. ನನ್ನ ನಿಯಮಗಳು ಹೀಗಿದ್ದವು: 'ಕರ' ಎಂದಿದ್ದರೆ ಕೆಂಪು. 'ಆಸ್ಪತ್ರೆ', 'ವೈದ್ಯ' ಎಂದಿದ್ದರೂ ಕೆಂಪು. 'ಪರೀಕ್ಷೆ' ಎಂದಿದ್ದರೆ ಹಳದಿ, ಅದು ಮಗಳದು. 'ಸಭೆ' ಹಸಿರು. ಯಾವುದೂ ಅಲ್ಲದಿದ್ದರೆ ನೀಲಿ. ಮೇಲಿನಿಂದ ಕೆಳಕ್ಕೆ ನೋಡುತ್ತ ಹೋಗಿ, ಮೊದಲು ಹೊಂದಿದ್ದಕ್ಕೆ ನಿಲ್ಲುವುದು.

ಆದಾಯಕರ, ವೃತ್ತಿ ಕರ, ಆಸ್ತಿ ಕರ ಎಲ್ಲವೂ ಒಂದೇ ಎರಡಕ್ಷರದ ಬಲೆಗೆ ಬೀಳುತ್ತವೆ ಎಂದು ನನಗೆ ಸ್ವಲ್ಪ ಹೆಮ್ಮೆಯೇ ಇತ್ತು. ನಾಲ್ಕೈದು ತಿಂಗಳು ಯಾವ ತೊಂದರೆಯೂ ಇರಲಿಲ್ಲ. ಆಮೇಲೊಂದು ಭಾನುವಾರ ನೋಡಿದರೆ 'ಶಂಕರ ಮಾಮ ಊಟಕ್ಕೆ' ಎಂಬುದು ರಿಟರ್ನ್ ಸಲ್ಲಿಸುವ ದಿನದಂತೆ ಕೆಂಪಾಗಿ ಕುಳಿತಿದೆ. ಮಾಮನಲ್ಲೂ ಕರವಿದೆ! ನಗು ಬಂತು. ಸಂಬಂಧಪಟ್ಟವರಿಗೆ ಕರೆ ಮಾಡಬೇಕು ಎಂದು ಬರೆದುಕೊಂಡದ್ದೂ ಕೆಂಪಾಗಿತ್ತು. ನಮ್ಮ ಕಣ್ಣಿಗೆ 'ರೆ' ಒಂದೇ ಅಕ್ಷರ. ಯಂತ್ರಕ್ಕೆ ಮೊದಲು ರ, ಅದರ ಬೆನ್ನಿಗೆ ಎತ್ವ. ಹಾಗಾಗಿ 'ಕರೆ'ಯೊಳಗೆ ಅದಕ್ಕೆ 'ಕರ' ಇಡಿಯಾಗಿಯೇ ಸಿಗುತ್ತದೆ.

ಕೂಡಲೇ ತಿದ್ದಿದೆ. ಬರೀ 'ಕರ' ತೆಗೆದು 'ಆದಾಯಕರ', 'ವೃತ್ತಿ ಕರ' ಎಂದು ಪೂರ್ತಿ ಪದಗಳನ್ನು ಬರೆದೆ. ಜಿಎಸ್‌ಟಿಯನ್ನೂ ಸೇರಿಸಿದೆ. ಅದರಲ್ಲಿ ಇನ್ನೊಂದು ಗೋಜಲು: ಸ್ ಮತ್ತು ಟಿ ಒತ್ತಾಗಿ ಸೇರದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಿರುತ್ತೇವೆ. ಹಾಕಿದರೆ ಒಂದು ಪದ, ಹಾಕದೆ 'ಜಿಎಸ್ಟಿ' ಎಂದು ಬರೆದರೆ ಯಂತ್ರದ ಲೆಕ್ಕದಲ್ಲಿ ಬೇರೆಯೇ ಪದ. ಎರಡನ್ನೂ ಬರೆದಿಟ್ಟೆ. ಮಾಮ ನೀಲಿಗೆ ತಿರುಗಿದ. ನೆಮ್ಮದಿಯಾಗಿ ಮಲಗಿದೆ.

ಮೂರು ವಾರ ಕಳೆದಿರಬೇಕು. ಬೆಳಿಗ್ಗೆ ಆರೂವರೆಗೆ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು: "ಇವತ್ತು ರಕ್ತ ತೆಗೆಯಲು ಬರುತ್ತಾರೇನೋ? ಕಾಫಿ ಕುಡಿಯಬಹುದೋ?"

ಮೊಬೈಲ್ ತೆರೆದು ನೋಡಿದೆ. ದಿನದ ಪಟ್ಟಿಯಲ್ಲಿ ಎರಡು ಹಳದಿ ಪಟ್ಟೆ. ಮಗಳಿಗೆ ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತಿದ್ದ ವಾರ ಅದು. ಹಳದಿ ಎಂದರೆ ಮಗಳು. ಓದಲಿಲ್ಲ. "ಇಲ್ಲಮ್ಮ, ಇವತ್ತು ಏನೂ ಇಲ್ಲ, ಇವಳ ಪರೀಕ್ಷೆ ಮಾತ್ರ" ಎಂದೆ. ಅಮ್ಮ ಒಂದು ಗಳಿಗೆ ನಿಂತರು. ಅವರಿಗೆ ನೆನಪಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಆದರೆ ಮೊಬೈಲ್ ನೋಡಿ ಹೇಳಿದವರ ಮಾತಿಗೆ ಎದುರಾಡುವುದನ್ನು ಅವರು ಬಿಟ್ಟು ಎಷ್ಟೋ ವರ್ಷವಾಗಿದೆ. ಹಿತ್ತಾಳೆ ಫಿಲ್ಟರಿನ ತಲೆಗೆ ಬೆರಳಿನಿಂದ ಎರಡು ಸಲ ತಟ್ಟಿ, ಡಿಕಾಕ್ಷನ್ ಇಳಿಸಿಕೊಂಡು, ಹಾಲು ಬೆರೆಸಿಕೊಂಡು ಕುಡಿದರು. ಜೊತೆಗೆ ಎರಡು ರಸ್ಕು.

ಏಳೂವರೆಗೆ ಪ್ರಯೋಗಾಲಯದ ಹುಡುಗ ಬಂದ. ಹೆಗಲಿಗೆ ತಂಪುಪೆಟ್ಟಿಗೆ, ಕೈಯಲ್ಲಿ ಅಮ್ಮನ ಹೆಸರಿನ ಚೀಟಿ. "ಖಾಲಿ ಹೊಟ್ಟೆಯಲ್ಲಿದ್ದೀರಲ್ಲವೇ ಅಜ್ಜಿ?" ಎಂದ. ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ಅಮ್ಮ ಲೋಟದ ಕಡೆ ನೋಡಿದರು, ಆಮೇಲೆ ನನ್ನ ಕಡೆ.

ಮೊಬೈಲ್ ಮತ್ತೆ ತೆರೆದೆ. ಎರಡನೆಯ ಹಳದಿ ಪಟ್ಟೆಯಲ್ಲಿ 'ಅಮ್ಮನ ಸಕ್ಕರೆ ಪರೀಕ್ಷೆ, 7.30' ಎಂದು ನಾನೇ ಬರೆದಿದ್ದೆ. ಮೂರು ತಿಂಗಳ ಹಿಂದೆ ಇದೇ ನಮೂದು ಕೆಂಪಾಗಿತ್ತು, ಚೆನ್ನಾಗಿ ನೆನಪಿದೆ. ಆಗ ಆಸ್ಪತ್ರೆಯ ನಿಯಮ ಇದನ್ನು ಹಿಡಿದಿದೆ ಎಂದುಕೊಂಡಿದ್ದೆ. ಶೀರ್ಷಿಕೆಯಲ್ಲಿ ಆಸ್ಪತ್ರೆಯೂ ಇಲ್ಲ, ವೈದ್ಯರೂ ಇಲ್ಲ. ಅದನ್ನು ಹಿಡಿದಿದ್ದದ್ದು 'ಸಕ್ಕರೆ'ಯ ಹೊಟ್ಟೆಯೊಳಗಿನ 'ಕರ'. ತಪ್ಪು ನಿಯಮವೊಂದು ಅಷ್ಟು ದಿನ ಸರಿಯಾದ ಬಣ್ಣ ಹಚ್ಚುತ್ತಿತ್ತು. ನಾನು ತಪ್ಪನ್ನು ತಿದ್ದಿದ ದಿನ ಸಕ್ಕರೆ ಅಲ್ಲಿಂದ ಜಾರಿ, ಕೆಳಗಿದ್ದ 'ಪರೀಕ್ಷೆ'ಯ ಮಡಿಲಿಗೆ ಬಿದ್ದಿತ್ತು. ರಕ್ತಕ್ಕೂ ಮಗಳ ಗಣಿತಕ್ಕೂ ಕನ್ನಡ ಒಂದೇ ಪದ ಇಟ್ಟುಕೊಂಡಿರುವುದು ನನಗೆ ಹೊಳೆದಿರಲೇ ಇಲ್ಲ.

ಅಪ್ಪನ ಮೇಜಿನ ಮೇಲೆ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿಯ ಪೆನ್ಸಿಲ್ ಇರುತ್ತಿತ್ತು. ಯಾವ ತುದಿಯಿಂದ ಗುರುತು ಹಾಕಬೇಕೆಂದು ಅವರು ಅದನ್ನು ಬೆರಳುಗಳ ನಡುವೆ ತಿರುಗಿಸುತ್ತ ಕೂರುತ್ತಿದ್ದರು. ಆ ತಿರುಗಿಸುವ ಹೊತ್ತಿನಲ್ಲಿ ಕಾಗದ ಇನ್ನೊಮ್ಮೆ ಓದಿ ಮುಗಿದಿರುತ್ತಿತ್ತು. ನಾನು ಇಪ್ಪತ್ತು ಸಾಲಿನಲ್ಲಿ ಉಳಿಸಿಕೊಂಡದ್ದು ಅದೇ ಹೊತ್ತನ್ನು.

ಹುಡುಗ ಒಳ್ಳೆಯವನು. "ನಾಳೆ ಇದೇ ಸಮಯಕ್ಕೆ ಬರುತ್ತೇನೆ ಬಿಡಿ" ಎಂದು ಹೋದ. ಸಂಜೆ ಕುಳಿತು 'ರಕ್ತ', 'ಸಕ್ಕರೆ' ಎರಡನ್ನೂ 'ಪರೀಕ್ಷೆ'ಗಿಂತ ಮೇಲಕ್ಕೆ ಸೇರಿಸಿದೆ. ಐದು ನಿಮಿಷದ ಕೆಲಸ. ಆದರೆ ಓಡಿಸಿ ನೋಡುವಾಗ, ಮುಂದಿನ ವಾರದ ದಿನಸಿ ಪಟ್ಟಿಯಲ್ಲಿದ್ದ 'ಸಕ್ಕರೆ 2 ಕೆಜಿ'ಯೂ ಕೆಂಪಾಗಿ ಎದ್ದು ನಿಂತಿತು. ಮಧುಮೇಹವಿರುವ ಮನೆಯಲ್ಲಿ ಅದು ಹಾಗಿದ್ದರೇ ಸರಿ ಎಂದು ಬಿಟ್ಟೆ.

ಅಮ್ಮ ಪಕ್ಕದಲ್ಲಿ ಕುಳಿತು ಬಣ್ಣಗಳನ್ನು ನೋಡುತ್ತಿದ್ದರು. ಎಲ್ಲವನ್ನೂ ಹೇಳಿದೆ, ಕರದ ಕಥೆ, ಸಕ್ಕರೆಯ ಕಥೆ. ಅವರಿಗೆ ಆಸಕ್ತಿ ಹುಟ್ಟಿದ್ದು ಒಂದೇ ಕಡೆ.

"ಶಂಕರನದು ಈಗ ಯಾವ ಬಣ್ಣ?"

"ನೀಲಿ. ಮಾಮೂಲು ನೀಲಿ."

ಅಮ್ಮನ ತಮ್ಮ ಊಟಕ್ಕೆ ಬಂದರೆ ಕೈಸಾಲ ಕೇಳದೆ ಏಳುವವನಲ್ಲ.

"ಅದೊಂದು ಮೊದಲಿನ ಹಾಗೇ ಇದ್ದಿದ್ದರೆ ಆಗುತ್ತಿತ್ತು" ಎಂದರು ಅಮ್ಮ.