ಮಳೆಗಾಲದ ಪೂಲ್‌ಗೆ ಗ್ಲೌಸ್ ಬೇಕೇ ಬೇಕು

ಟೇಬಲ್ ಮೇಲೆ ಕೋಲಿನಿಂದ ಚೆಂಡು ಹೊಡೆಯೋ ಪೂಲ್ ಆಡೋಕೆ ಗ್ಲೌಸ್ ಯಾಕೆ, ಸುಮ್ನೆ ಶೋಕಿ ಅಂತ ಬೆಂಗಳೂರಿನ ಗೆಳೆಯರು ನಗುತ್ತಾರೆ. ಜುಲೈನಲ್ಲಿ ಮಡಿಕೇರಿಗೆ ಬಂದು ಆಡಲಿ ನೋಡೋಣ. ಒಗೆದ ಬಟ್ಟೆಯೇ ಒಣಗದ ಊರಲ್ಲಿ ಅಂಗೈ ಒಣಗುತ್ತಾ? ಹೊಡೆಯುವ ಹೊತ್ತಿಗೆ ಆ ಕೋಲು, ಅಂದರೆ ಕ್ಯೂ, ಹೆಬ್ಬೆರಳ ಬುಡದಲ್ಲಿ ಅಂಟಿ ಒಂಚೂರು ತಡೆಯುತ್ತದೆ. ಅಷ್ಟು ಸಾಕು, ಬಿಳಿ ಚೆಂಡು ಅಂದುಕೊಂಡ ಕಡೆ ನಿಲ್ಲುವುದಿಲ್ಲ.

ಗ್ಲೌಸ್ ಹಾಕುವುದು ಟೇಬಲ್ ಮೇಲೆ ಊರುವ ಕೈಗೆ. ನನಗೆ ಎಡಗೈ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮುಚ್ಚಿದರೆ ಆಯ್ತು. ತೋರುಬೆರಳನ್ನು ಕ್ಯೂ ಸುತ್ತ ಬಳಸಿ ಹಿಡಿಯುವವರಿಗೆ ಲಾಭ ಜಾಸ್ತಿ, ಚರ್ಮ ಎಲ್ಲಾ ಕಡೆ ತಾಗುತ್ತದಲ್ವಾ. ಪೂಲ್‌ನಂಥದ್ದೇ ಆಟವಾದ ಸ್ನೂಕರ್‌ನವರು ಹೆಬ್ಬೆರಳ ಸಂದಿಯ ಮೇಲೆ ಕ್ಯೂ ಇಟ್ಟು ಆಡುತ್ತಾರೆ, ಹಾಗಾಗಿ ಅವರಲ್ಲಿ ಗ್ಲೌಸ್ ಅಪರೂಪ. ಪೂಲ್‌ನಲ್ಲಿ ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್‌ನಂಥ ಚಾಂಪಿಯನ್ನೇ ಗ್ಲೌಸ್ ಹಾಕಿ ಆಡಿದವರು. ಅದೂ ಶೋಕಿನಾ?

ನಮ್ಮಲ್ಲಿ ಆಡಲು ಬರುವ ಒಬ್ಬ ಅಂಕಲ್ ಗ್ಲೌಸ್ ಬದಲು ಕೈಗೆ ಪೌಡರ್ ಹಚ್ಚುವ ಪಕ್ಷ. ಅವರು ಎದ್ದು ಹೋದ ಮೇಲೆ ನೋಡಬೇಕು: ಟೇಬಲ್‌ನ ಹಸಿರು ಬಟ್ಟೆ ತುಂಬಾ ಬಿಳಿ ಬೆರಳಿನ ಗುರುತು. ತೇವ ಹೀರಿದ ಪೌಡರ್ ಕ್ಯೂ ಮೇಲೂ ಮೆತ್ತಿಕೊಳ್ಳುತ್ತದೆ. ಟೇಬಲ್ ನೋಡಿಕೊಳ್ಳುವ ಮಾರ್ಕರ್ ಗೊಣಗುತ್ತಾ ಬ್ರಷ್ ತರುತ್ತಾನೆ.

ಜನವರಿಯ ಒಣ ಚಳಿಯಲ್ಲಿ ನಾನೂ ಬರಿಗೈಯಲ್ಲೇ ಆಡುತ್ತೇನೆ. ಗ್ಲೌಸ್ ಕೊಳ್ಳುವ ಮೊದಲು ಕ್ಯೂ ಒರೆಸಿ ನೋಡಿ. ಎಷ್ಟೋ ಸಲ ಅಂಟುವುದು ಬೆವರು, ಕ್ಯೂ ತುದಿಗೆ ಹಚ್ಚುವ ಚಾಕ್ ಸೇರಿದ ಕೊಳೆ. ಆಮೇಲೂ ಬೇಕೆನಿಸಿದರೆ ಬಿಗಿಯಾದದ್ದನ್ನೇ ತೊಗೊಳ್ಳಿ. ಸಡಿಲ ಗ್ಲೌಸ್ ಸುಕ್ಕುಗಟ್ಟಿ ಕ್ಯೂ ತಡೆಯುತ್ತದೆ, ಅದಕ್ಕಿಂತ ಒದ್ದೆ ಕೈಯೇ ವಾಸಿ.