ಬಾಗಿಲಾಚೆ ನಿಂತವಳು

ನಿನ್ನೆ ರಾತ್ರಿ ಎರಡು ಗಂಟೆವರೆಗೂ ಒಂದು ದೆವ್ವದ ಕಾದಂಬರಿ ಓದುತ್ತಾ ಕೂತಿದ್ದೆ. ಸತ್ತುಹೋದ ಹುಡುಗಿ ರಾತ್ರಿ ಬಂದು ಬಾಗಿಲು ತಟ್ಟುತ್ತಾಳೆ. ತೆರೆಯಬಾರದು ಅಂತ ಒಳಗಿರುವ ಅವಳ ಪ್ರೇಮಿಗೆ ಗೊತ್ತು. ಆದರೂ ಚಿಲಕದ ಮೇಲೆ ಕೈ ಇಟ್ಟುಕೊಂಡು ನಿಂತೇ ಇರುತ್ತಾನೆ. ಆ ಪುಟವನ್ನು ಮೂರು ಸಲ ಓದಿದೆ. ಭಯಕ್ಕಿಂತ ಸಂಕಟವೇ ಜಾಸ್ತಿ ಆಯಿತು.

1847ರಲ್ಲಿ ಬಂದ ಎಮಿಲಿ ಬ್ರಾಂಟೆಯ ಇಂಗ್ಲಿಷ್ ಕಾದಂಬರಿ ‘ವದರಿಂಗ್ ಹೈಟ್ಸ್’ ನೆನಪಾಯಿತು. ತೀರಿಕೊಂಡ ಕ್ಯಾಥರೀನ್‌ಗೆ ‘ಬಂದು ನನ್ನನ್ನು ಕಾಡು’ ಅಂತ ಅವಳ ಪ್ರೇಮಿ ಹೀತ್‌ಕ್ಲಿಫ್ ಬೇಡಿಕೊಳ್ಳುತ್ತಾನೆ. ದೆವ್ವ ತೊಲಗಲಿ ಅನ್ನುವುದು ಎಲ್ಲರ ಬೇಡಿಕೆ. ಇವನು ಬಾ ಅನ್ನುತ್ತಾನೆ! ಪ್ರೀತಿ ಇದ್ದಲ್ಲಿ ಕಳೆದುಕೊಳ್ಳುವ ಭಯವೂ ಇರುತ್ತದೆ, ಅಲ್ವಾ? ಸುಮ್ನೆ ರಕ್ತ, ಕಿರುಚಾಟ ತುಂಬಿದ ಕಥೆಗಳು ನನಗೆ ಬೆಳಿಗ್ಗೆಯೊಳಗೆ ಮರೆತುಹೋಗುತ್ತವೆ. ಇವತ್ತು ರಾತ್ರಿ ಆ ಬಾಗಿಲಿನ ಪುಟ ಇನ್ನೊಮ್ಮೆ ಓದಬೇಕು.